ಒಂದಕ್ಕೆ ಮಾತ್ರ ಗುರುತು ಹಾಕಿ

ಮಂಡ್ಯದಲ್ಲಿ ಹತ್ತಿದಾಗಲೇ ಕಿಟಕಿ ಸಿಕ್ಕಿತು.
ತೊಡೆಯ ಮೇಲೆ ಅರ್ಜಿ, ಹಾರದಿರಲೆಂದು
ಅದರ ಮೇಲೆ ಟಿಫಿನ್ ಡಬ್ಬಿ.
ಹೊರಡುವಾಗ ಅವ್ವ ಕೇಳಿದ್ದಳು,
ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತ:
‘ಆಟ ಆಡ್ಸಕೂ ಪರೀಕ್ಷೆ ಮಡಗವ್ರಾ?’
ಮಡಗವ್ರೆ ಕಣವ್ವ. ಮೂರು ಗಂಟೆ, ನೂರಿಪ್ಪತ್ತು ಪ್ರಶ್ನೆ,
ಐದು ವರ್ಷಕ್ಕೊಮ್ಮೆ ನವೀಕರಣ,
ಶುಲ್ಕ ನನ್ನ ಅರ್ಧ ತಿಂಗಳ ಸಂಬಳ.

ಯಲಿಯೂರು ದಾಟುವಷ್ಟರಲ್ಲಿ
ಹೆಸರು, ವಿಳಾಸ, ರಕ್ತದ ಗುಂಪು ಮುಗಿದವು.
ಆಮೇಲೆ ಹನ್ನೊಂದನೆಯ ಕಲಂ, ವಿಶೇಷ ಪರಿಣತಿ:
ವೃದ್ಧರು. ಮಕ್ಕಳು. ಮನೋರೋಗ. ಅಂಗವೈಕಲ್ಯ.
ಒಂದಕ್ಕೆ ಮಾತ್ರ ಗುರುತು ಹಾಕಿ.

ಜವರಯ್ಯನನ್ನು ಯಾವ ಮನೆಯಲ್ಲಿ ಕೂರಿಸಲಿ?
ವಯಸ್ಸು ಅರವತ್ತೆಂಟು.
ಆಲೆಮನೆಯ ಕೊಪ್ಪರಿಗೆ ಮುಂದೆ ಲಕ್ವ ಹೊಡೆದು
ಬಲಗೈ ಒಣಗಿದ ಜಲ್ಲೆಯಂತೆ ಜೋತುಬಿತ್ತು.
ಮೂರು ತಿಂಗಳು ಗೋಡೆ ಕಡೆ ಮುಖ,
ಮಗಳನ್ನೂ ಹೆಸರು ಹಿಡಿದು ಕರೆಯಲಿಲ್ಲ.
ಸೋತರೆ ಕಾಯಿ ಎರಚಿ, ಮುಸುಕೆಳೆದುಕೊಂಡು,
ಹಾಲೂ ಬೇಡವೆನ್ನುತ್ತಾನೆ.

ಆಸ್ಪತ್ರೆಯ ಕಲ್ಲುಮೆಟ್ಟಿಲಿಗೆ ಉಜ್ಜಿ
ಒಂದು ಮಗ್ಗುಲು ಬೆಳ್ಳಗಾದ ನಾಲ್ಕು ಹುಣಸೆ ಬೀಜ,
ನನ್ನ ಸಲಕರಣೆ ಇಷ್ಟೆ.
ಅದೊಂದು ಮಂಗಳವಾರ ಮೂರು ಬಿತ್ತು.
ನಾನು ಗಡಿಯಾರ ನೋಡುವುದನ್ನೇ ಕಾದು
ನಾಲ್ಕು ಮನೆ ನಡೆಸಿದ, ನನ್ನ ಕಾಯಿ ಹೊಡೆದ.
ಬಲಗೈಯ ಹೆಬ್ಬೆರಳಲ್ಲಿ.
ಮೋಸಕ್ಕೆ ಲೆಕ್ಕ ಬೇಕು, ನೆನಪು ಬೇಕು,
ಮುಂದಿನ ಸುತ್ತಿನ ಮೇಲೆ ಚೂರು ಆಸೆಯೂ ಬೇಕು.
ವರದಿಯಲ್ಲಿ ಬರೆದೆ: ರೋಗಿ ಇಂದು ಮೋಸ ಮಾಡಿದರು.
ಗಮನಾರ್ಹ ಪ್ರಗತಿ.
ಫ್ಲೇವಿಯಾ ಮೇಡಂ ಕೆಂಪು ಶಾಯಿಯಲ್ಲಿ ಕೇಳಿದರು:
ಐದರಲ್ಲಿ ಎಷ್ಟು?

ಪಾಂಡವಪುರ. ಕಡಲೆಕಾಯಿ ಮಾರುವವ ಹತ್ತಿ, ಮಾರದೆ ಇಳಿದ.

ನಿಂಗಾಜಮ್ಮ ಚೆಂಡು ಮುಟ್ಟಲಿಲ್ಲ, ಬಣ್ಣ ಮುಟ್ಟಲಿಲ್ಲ.
‘ಆಡೋ ವಯಸ್ನಲ್ಲೇ ಆಡ್ನಿಲ್ಲ, ಈಗೇನ್ ಬುಡವ್ವ.’
ಪುಷ್ಯದಲ್ಲಿ ಒಂದು ಸೇರು ಅವರೆ ನೆನೆಸಿ ತಂದೆ.
ಹಿತುಕಿದಳು. ಒಂದು ಕಾಳು ಚಿಮ್ಮಿ
ನರ್ಸಮ್ಮನ ಕನ್ನಡಕಕ್ಕೆ ಬಡಿಯಿತು.
ಆವಮ್ಮ ನಕ್ಕಿದ್ದು ಆಗಲೇ ಮೊದಲು, ಹಲ್ಲುಸೆಟ್ಟು ಕೈಯಲ್ಲಿ ಹಿಡಿದು.
ಅಂಗೀಕೃತ ಚಟುವಟಿಕೆಗಳ ಪಟ್ಟಿಯಲ್ಲಿ ಅವರೆ ಇಲ್ಲವಂತೆ.
ನನ್ನ ತರಬೇತಿ ಲೆಕ್ಕದಿಂದ ನಲವತ್ತು ನಿಮಿಷ ಕಡಿದರು.
ಸಾರು ಮಾತ್ರ ಇಡೀ ವಾರ್ಡಿಗೆ ಸಾಕಾಯಿತು.

ಶ್ರೀರಂಗಪಟ್ಟಣದ ಸೇತುವೆಯಲ್ಲಿ
ಎದುರಿನ ಹೆಂಗಸು ಹೊಳೆಗೆ ನಾಣ್ಯ ಎಸೆದು ಕೆನ್ನೆ ತಟ್ಟಿಕೊಂಡಳು.
ನಾನು ಪೆನ್ನಿನ ಮುಚ್ಚಳ ಹಾಕಿದೆ, ತೆಗೆದೆ, ಹಾಕಿದೆ.
ನಾಗನಹಳ್ಳಿಯ ಸಿಗ್ನಲ್ಲಿನಲ್ಲಿ ರೈಲು ನಿಂತಿತು.
ನಾಲ್ಕು ಮನೆ, ನಾಲ್ಕು ಬೀಜ.
ಡಬ್ಬಿಯ ಮುಚ್ಚಳದ ಮೇಲೆ ಎಸೆದೆ.
ಮೂರು.
ಆಚೀಚೆ ನೋಡಿ, ಯಾರೂ ನೋಡುತ್ತಿಲ್ಲವೆಂದು ಖಾತ್ರಿಯಾಗಿ,
ನಾಲ್ಕು ಮನೆ ನಡೆಸಿದೆ.

ಸರಸ್ವತಿಪುರಂನ ಪರೀಕ್ಷಾ ಕೇಂದ್ರದಲ್ಲಿ ಸೆಕ್ಯುರಿಟಿಯವ
ಪರ್ಸು ತಡಕಿ ಬೀಜ ಅಂಗೈಗೆ ಸುರಿದುಕೊಂಡ.
‘ಇದೆಲ್ಲ ಒಳಗೆ ಬಿಡಂಗಿಲ್ಲ ಮೇಡಂ.’
ಕಿಟಕಿಯ ಅಂಚಿನಲ್ಲಿ ಸಾಲಾಗಿ ಇಟ್ಟ.
ನಲವತ್ತೇಳನೆಯ ಪ್ರಶ್ನೆ:
ಮನರಂಜನೆಗೂ ಚಿಕಿತ್ಸೆಗೂ ಇರುವ ವ್ಯತ್ಯಾಸವೇನು?
ನಾಲ್ಕು ಉತ್ತರವೂ ಒಂದೊಂದು ದಿನಕ್ಕೆ ಸರಿ.
ಅವರು ಬಯಸಿದ್ದು ‘ಬಿ’. ‘ಬಿ’ ಎಂದೇ ಬರೆದೆ.

ಹೊರಬಂದಾಗ ಸೆಕ್ಯುರಿಟಿಯವನೂ ಒಬ್ಬ ಆಟೋದವನೂ
ಮೆಟ್ಟಿಲ ಮೇಲೆ ಸೀಮೆಸುಣ್ಣದಲ್ಲಿ ಮನೆ ಬರೆದು,
ಬೆಂಕಿಕಡ್ಡಿ ಮುರಿದು ಕಾಯಿ ಮಾಡಿ ಕೂತಿದ್ದರು.
ಕೈ ಚಾಚಿದೆ. ತಲೆ ಎತ್ತಲಿಲ್ಲ.
‘ಐದ್ನಿಮ್ಸ ಇರಿ ಮೇಡಂ,
ಬಾರ ಬಿದ್ದೈತೆ, ಇನ್ನೊಂದಪ ನಂದೇ.’

ಐದೂವರೆಯ ರೈಲಿತ್ತು. ಏಳಕ್ಕೂ ಒಂದಿದೆ.
ಬ್ಯಾಗು ಇಳಿಸಿ, ಒಂದು ಬೆಂಕಿಕಡ್ಡಿ ಕೇಳಿದೆ.